ಬ್ಯಾಟರಿ ಸೊನ್ನೆಗೆ ಇಳಿದ ಮೇಲೆ ಸ್ಯಾಟಲೈಟ್ ತಾನಾಗಿ ಏಳಬೇಕು, ಹೇಗೆ?

ಮಿಣುಕುಹುಳ:
ಎಲ್ಲರಿಗೂ ನಮಸ್ಕಾರ. ನಾವು ಐದು ಜನ ವಿದ್ಯಾರ್ಥಿಗಳು ಸೇರಿ ಒಂದು ಪುಟ್ಟ ಸ್ಯಾಟಲೈಟ್ ಕಟ್ಟುತ್ತಿದ್ದೇವೆ. ಪ್ರತಿ ಬದಿಗೂ ಹತ್ತು ಸೆಂಟಿಮೀಟರ್ ಇರುವ ಡಬ್ಬ, ಅಂದರೆ ಒಂದು ಯೂನಿಟ್ ಕ್ಯೂಬ್‌ಸ್ಯಾಟ್. ಪವರ್ ಬೋರ್ಡ್ ನನ್ನ ಪಾಲಿಗೆ ಬಂದಿದೆ. ನಾಲ್ಕು ಮುಖಗಳಿಗೆ ಸೋಲಾರ್ ಪ್ಯಾನಲ್, ಒಂದೊಂದರಲ್ಲೂ ಎರಡೆರಡು ಟ್ರಿಪಲ್ ಜಂಕ್ಷನ್ ಸೆಲ್. ಒಳಗೆ ಎರಡು 18650 ಲಿಥಿಯಂ ಅಯಾನ್ ಸೆಲ್, ಸಾಲಾಗಿ ಜೋಡಿಸಿದ್ದೇವೆ. ಒಟ್ಟು ಸುಮಾರು 20 ವ್ಯಾಟ್ ಅವರ್.

ಲೆಕ್ಕ ಹಾಕಿದ್ದೇನೆ. ಬಿಸಿಲಲ್ಲಿ ಸರಾಸರಿ 2 ವ್ಯಾಟ್ ಬರುತ್ತದೆ, ನಮ್ಮ ಖರ್ಚು 1.4 ವ್ಯಾಟ್. ಹಾಗಾಗಿ ಆ ಕಡೆ ಚಿಂತೆ ಇಲ್ಲ. ತೊಂದರೆ ಬೇರೆ.

ಮೊನ್ನೆ ಬೆಂಚ್ ಮೇಲೆ ಬ್ಯಾಟರಿಯನ್ನು ಕಟ್-ಆಫ್ ತನಕ, ಅಂದರೆ ಬೋರ್ಡ್ ತಾನೇ ಆಫ್ ಆಗುವ ವೋಲ್ಟೇಜ್ ತನಕ ಇಳಿಸಿ, ಪ್ಯಾನಲ್ ಮುಂದೆ ಹ್ಯಾಲೊಜನ್ ದೀಪ ಹಚ್ಚಿದೆ. ಹಸಿರು ಎಲ್‌ಇಡಿ ಹತ್ತಿತು. ಕಂಪ್ಯೂಟರ್ ಬೂಟ್ ಆಯಿತು. ರೇಡಿಯೋ ಆನ್ ಆಗುವ ಹೊತ್ತಿಗೆ ಎಲ್ಲ ಆರಿತು. ನಾಲ್ಕು ಸೆಕೆಂಡ್ ಬಿಟ್ಟು ಮತ್ತೆ ಹಸಿರು, ಮತ್ತೆ ಕತ್ತಲೆ. ಒಂದು ಗಂಟೆ ಹಾಗೇ ಕೂತು ನೋಡಿದೆ. ಬ್ಯಾಟರಿ ಒಂದು ಚೂರೂ ತುಂಬಲಿಲ್ಲ. ಮಿಣುಕುಹುಳ ಅನ್ನೋ ಹೆಸರು ಇಟ್ಟುಕೊಂಡಿದ್ದಕ್ಕೆ ಸರಿ ಹೋಯಿತು.

ಇನ್ನೂ ದೊಡ್ಡ ಬ್ಯಾಟರಿ ಹಾಕಿದರೆ ಇದು ಸರಿ ಹೋಗುತ್ತದಾ?

ಹಳೇತಂತಿ:
ದೊಡ್ಡ ಬ್ಯಾಟರಿ ಹಾಕಿದರೆ ಇದೇ ಕಾಯಿಲೆ ಎರಡು ದಿನ ತಡವಾಗಿ ಬರುತ್ತದೆ, ಅಷ್ಟೇ.

ಪವರ್ ಬೋರ್ಡ್ ಮಾಡುವವರೆಲ್ಲ ಒಮ್ಮೆಯಾದರೂ ನೋಡಿರುವ ಆಟ ಇದು. ಖಾಲಿ ಬ್ಯಾಟರಿಗೆ ಸ್ವಲ್ಪ ಕರೆಂಟ್ ಹೋದ ತಕ್ಷಣ ಅದರ ವೋಲ್ಟೇಜ್ ಎದ್ದ ಹಾಗೆ ಕಾಣುತ್ತದೆ. ಚಾರ್ಜ್ ಇದೆ ಎಂದು ನಂಬಿ ಬೋರ್ಡ್ ಲೋಡ್ ಆನ್ ಮಾಡುತ್ತದೆ. ಲೋಡ್ ಬಿದ್ದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಎಲ್ಲ ಆಫ್. ಹೊರೆ ಇಳಿದ ಮೇಲೆ ಮತ್ತೆ ಏರುತ್ತದೆ, ಎಲ್ಲ ಆನ್. ಬಂದದ್ದೆಲ್ಲ ಬೂಟ್ ಆಗುವುದಕ್ಕೇ ಖರ್ಚು.

ಆಫ್ ಆಗುವುದು ಎಷ್ಟಕ್ಕೆ, ಮತ್ತೆ ಆನ್ ಆಗುವುದು ಎಷ್ಟಕ್ಕೆ ಇಟ್ಟಿದ್ದೀರಿ? ಎರಡೂ 6.4 ವೋಲ್ಟ್ ಆಸುಪಾಸಿನಲ್ಲಿ ಇದ್ದರೆ ಹೀಗೇ ಆಗುವುದು. 6.4ಕ್ಕೆ ಆಫ್ ಆಗಲಿ, 7.4 ದಾಟಿದ ಮೇಲಷ್ಟೇ ಆನ್ ಆಗಲಿ. ನಡುವಿನ ಆ ಒಂದು ವೋಲ್ಟ್ ಏರುವ ತನಕ ಚಾರ್ಜರ್ ಬಿಟ್ಟು ಬೇರೆ ಯಾರೂ ಎದ್ದಿರಬಾರದು. ಕಂಪ್ಯೂಟರ್ ಕೂಡ. ಈ ತೀರ್ಮಾನವನ್ನು ಸಾಫ್ಟ್‌ವೇರ್ ಕೈಗೆ ಕೊಡಬೇಡಿ. ಸಾಫ್ಟ್‌ವೇರ್ ಓಡುವುದಕ್ಕೇ ಕರೆಂಟ್ ಇಲ್ಲದಾಗ ತೀರ್ಮಾನ ತೆಗೆದುಕೊಳ್ಳುವವರು ಯಾರು? ಎರಡು ವೋಲ್ಟೇಜ್ ಹೋಲಿಸಿ ನೋಡುವ ಒಂದು ಕಂಪ್ಯಾರೇಟರ್ ಚಿಪ್, ಒಂದಿಷ್ಟು ರೆಸಿಸ್ಟರ್ ಸಾಕು.

ಇನ್ನೊಂದು ವಿಷಯ, ಆ ದೀಪ. ಟ್ರಿಪಲ್ ಜಂಕ್ಷನ್ ಅಂದರೆ ಮೂರು ಪದರ ಸಾಲಾಗಿ ಕೂತಿರುತ್ತವೆ. ಮೇಲಿನ ಪದರಕ್ಕೆ ನೀಲಿ ಕಡೆಯ ಬೆಳಕು ಬೇಕು. ಹ್ಯಾಲೊಜನ್‌ನಲ್ಲಿ ಅದೇ ಕಡಿಮೆ, ಇನ್‌ಫ್ರಾರೆಡ್ ಜಾಸ್ತಿ. ಸಾಲಿನಲ್ಲಿ ಸೋಮಾರಿ ಯಾರೋ, ಒಟ್ಟು ಕರೆಂಟ್ ಅವನಷ್ಟೇ. ಪ್ಯಾನಲ್ ಕಾದು ಕೆಂಡ ಆಗಿರುತ್ತದೆ, ಕರೆಂಟ್ ಮಾತ್ರ ಬಂದಿರುವುದಿಲ್ಲ. ಸುಮ್ನೆ ಹೊರಗೆ ಬಿಸಿಲಿಗೆ ಹಿಡಿದು ಇನ್ನೊಮ್ಮೆ ನೋಡಿ.

ಕಕ್ಷೆಗಾರ:
ಬೇಸರ ಮಾಡಿಕೊಳ್ಳಬೇಡಿ, ಆದರೆ "ಆ ಕಡೆ ಚಿಂತೆ ಇಲ್ಲ" ಅಂದಿರಲ್ಲ, ನನಗೆ ಚಿಂತೆ ಆಗಿದ್ದು ಅಲ್ಲೇ.

2 ವ್ಯಾಟ್ ಬಿಸಿಲಲ್ಲಿ ಮಾತ್ರ. 500 ಕಿಲೋಮೀಟರ್ ಎತ್ತರದಲ್ಲಿ ಒಂದು ಸುತ್ತು ಸುಮಾರು 95 ನಿಮಿಷ. ಅದರಲ್ಲಿ ಸುಮಾರು 35 ನಿಮಿಷ ಭೂಮಿಯ ನೆರಳು. ಬಿಸಿಲಿನ 60 ನಿಮಿಷದ ಆದಾಯವನ್ನು 95 ನಿಮಿಷಕ್ಕೆ ಹಂಚಿದರೆ 1.26 ವ್ಯಾಟ್. ಕನ್ವರ್ಟರ್, ಚಾರ್ಜಿಂಗ್ ನಷ್ಟ 15 ಶೇಕಡ ತೆಗೆಯಿರಿ. ಕೈಗೆ ಸಿಗುವುದು 1.07 ವ್ಯಾಟ್. ಖರ್ಚು 1.4.

ದಿನಕ್ಕೆ ಸುಮಾರು 8 ವ್ಯಾಟ್ ಅವರ್ ಸಾಲ. ನಿಮ್ಮ 20 ವ್ಯಾಟ್ ಅವರ್ ಬ್ಯಾಟರಿ ಎರಡೂವರೆ ದಿನಕ್ಕೆ ಖಾಲಿ. ಅಂದರೆ ನೀವು ಬೆಂಚ್ ಮೇಲೆ ನೋಡಿದ ಮಿಣುಕಾಟ ಅಪರೂಪದ ಅಪಘಾತವಲ್ಲ. ಹಾರಿದ ಮೂರನೇ ದಿನವೇ ಅದು ಶುರುವಾಗುತ್ತಿತ್ತು.

ತಮಾಷೆ ಏನೆಂದರೆ ನೆರಳಿನ 35 ನಿಮಿಷಕ್ಕೆ ಬೇಕಾದದ್ದು 0.8 ವ್ಯಾಟ್ ಅವರ್ ಮಾತ್ರ, ಬ್ಯಾಟರಿಯ 4 ಶೇಕಡ. ಟ್ಯಾಂಕ್ ಬೇಕಾದಷ್ಟು ದೊಡ್ಡದಿದೆ. ನಲ್ಲಿ ಸಣ್ಣದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಖರ್ಚನ್ನು 0.85 ವ್ಯಾಟ್‌ಗೆ ಇಳಿಸಿ, ಆಗ 20 ಶೇಕಡ ಉಳಿಯುತ್ತದೆ. ವಿಕಿರಣಕ್ಕೆ ಸಿಕ್ಕಿ ಸೆಲ್‌ಗಳು ವರ್ಷ ವರ್ಷ ಸವೆಯುತ್ತವೆ, ಆ ಉಳಿತಾಯ ಅದಕ್ಕೇ ಬೇಕು.

ಸುಮ್ನೆ_ಓದುಗ:
ದಡ್ಡ ಪ್ರಶ್ನೆ ಇರಬಹುದು. ಬಾಹ್ಯಾಕಾಶದಲ್ಲಿ ಮೋಡ ಇಲ್ಲ, ಮಳೆ ಇಲ್ಲ. ಸ್ವಲ್ಪ ಮೇಲಕ್ಕೆ ಹೋಗಿ ನೆರಳೇ ಬೀಳದ ಕಡೆ ಸುತ್ತಬಾರದಾ? ಬ್ಯಾಟರಿ ಗೋಜೇ ಇರುವುದಿಲ್ಲ.

ಕಕ್ಷೆಗಾರ:
ದಡ್ಡ ಪ್ರಶ್ನೆ ಅಲ್ಲ. ಬೆಳಗು-ಬೈಗಿನ ಗೆರೆಯ ಮೇಲೇ ಸಾಗುವ ಸುತ್ತುಗಳಿವೆ, ಅಲ್ಲಿ ವರ್ಷದ ಬಹುಪಾಲು ನೆರಳಿಲ್ಲ. ಭೂಸ್ಥಿರ ಕಕ್ಷೆಯಲ್ಲೂ ಹೆಚ್ಚು ಕಾಲ ಬಿಸಿಲೇ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಸುಮಾರು 45 ದಿನಗಳ ಎರಡು ಸೀಸನ್ ಮಾತ್ರ ದಿನಕ್ಕೊಮ್ಮೆ ನೆರಳು, ಅದೂ ಹೆಚ್ಚೆಂದರೆ 72 ನಿಮಿಷ. ವರ್ಷಕ್ಕೆ ಬ್ಯಾಟರಿ ಇಳಿದು ಏರುವುದು 90 ಸಲ. ಕೆಳಗಿನ ಕಕ್ಷೆಯಲ್ಲಿ ದಿನಕ್ಕೇ 15 ಸಲ, ವರ್ಷಕ್ಕೆ 5,500. ಅದಕ್ಕೇ ಮೇಲಿನವರು ಬ್ಯಾಟರಿಯನ್ನು 70-80 ಶೇಕಡ ತನಕ ಇಳಿಸುತ್ತಾರೆ, ಕೆಳಗಿನವರು 20-30 ದಾಟುವುದಕ್ಕೆ ಹೆದರುತ್ತಾರೆ.

ಆದರೆ ರಾಕೆಟ್‌ನಿಂದ ಹೊರಬಿದ್ದು ಗಿರಗಿರ ತಿರುಗುವಾಗ, ಪ್ಯಾನಲ್ ಬಿಚ್ಚಿಕೊಳ್ಳುವ ಮುಂಚೆ, ರೇಡಿಯೋ ಒಮ್ಮೆಲೇ ಮೂರು ವ್ಯಾಟ್ ಎಳೆಯುವಾಗ ಎಲ್ಲರಿಗೂ ಬ್ಯಾಟರಿ ಬೇಕು.

ಬಿಸಿಲುಕುದುರೆ:
ಬ್ಯಾಟರಿ ಇಲ್ಲದೇ ಬದುಕಿರುವ ಒಂದು ಜೀವ ಮೇಲೆ ಇದೆ. ಹವ್ಯಾಸಿ ರೇಡಿಯೋದವರಿಗೆಲ್ಲ ಗೊತ್ತು, ಅವರದೇ ಸ್ಯಾಟಲೈಟ್ ಆಸ್ಕರ್-7.

1974ರ ನವೆಂಬರ್‌ನಲ್ಲಿ ಹಾರಿದ್ದು. ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. 1981ರಲ್ಲಿ ಬ್ಯಾಟರಿ ಶಾರ್ಟ್ ಆಗಿ ಸತ್ತಿತು. ಶಾರ್ಟ್ ಆದ ಬ್ಯಾಟರಿ ಅಂದರೆ ತಳ ಒಡೆದ ಕೊಡ, ಪ್ಯಾನಲ್ ಎಷ್ಟು ಸುರಿದರೂ ಸೋರಿ ಹೋಗುತ್ತದೆ. ಎಲ್ಲರೂ ಕೈಬಿಟ್ಟರು. 2002ರ ಜೂನ್‌ನಲ್ಲಿ ಇದ್ದಕ್ಕಿದ್ದ ಹಾಗೆ ಅದರ ದನಿ ಕೇಳಿಸಿತು! ಇಪ್ಪತ್ತೊಂದು ವರ್ಷದ ಮೇಲೆ ಆ ಶಾರ್ಟ್ ತಾನೇ ಬಿಟ್ಟುಕೊಂಡು ಓಪನ್ ಆಗಿತ್ತು. ಅಂದಿನಿಂದ ಪ್ಯಾನಲ್ ನೇರವಾಗಿ ರೇಡಿಯೋವನ್ನು ಓಡಿಸುತ್ತಿದೆ.

ನಾನು ಅದನ್ನು ಕೇಳಿದ್ದೇನೆ. ಕೈಯಲ್ಲಿ ಆಂಟೆನಾ ಹಿಡಿದು ತಿರುಗಿಸುತ್ತಾ ಇದ್ದೆ. ಮೋರ್ಸ್ ದನಿ ತೆಳ್ಳಗೆ ಬರುತ್ತಿತ್ತು. ಸ್ಯಾಟಲೈಟ್ ಇನ್ನೂ ಮುಳುಗಿರಲಿಲ್ಲ, ನೆರಳಿಗೆ ಹೊಕ್ಕಿತು ಅಷ್ಟೇ. ಅಕ್ಷರದ ಮಧ್ಯದಲ್ಲೇ ದನಿ ನಿಂತಿತು. ಮುಂದಿನ ಬಿಸಿಲಿಗೆ ಮತ್ತೆ ಎದ್ದೇಳುತ್ತದೆ, ಹಿಂದಿನದು ಏನೂ ನೆನಪಿಲ್ಲದೇ. ದಿನಕ್ಕೆ ಎಷ್ಟೋ ಸಲ ಸತ್ತು ಹುಟ್ಟುತ್ತದೆ.

ಮಿಣುಕುಹುಳ ಅವರೇ, ನಿಮ್ಮ ಬೋರ್ಡ್‌ನಿಂದ ಬ್ಯಾಟರಿ ಕಿತ್ತು, ಬಿಸಿಲಲ್ಲಿ ಇಟ್ಟು ನೋಡಿ. ಬೀಕನ್, ಅಂದರೆ "ನಾನಿದ್ದೇನೆ" ಎನ್ನುವ ರೇಡಿಯೋ ಸಿಗ್ನಲ್, ಒಂದಾದರೂ ಬರುತ್ತದಾ?

ಓಮ್‌ನಿಯಮ:
ಆಸ್ಕರ್-7 ಕಥೆ ನನಗೂ ಇಷ್ಟ. ಆದರೆ ಅದನ್ನು ಮಾದರಿ ಮಾಡಿಕೊಳ್ಳುವುದು ಲಾಟರಿ ಹೊಡೆದವನನ್ನು ನೋಡಿ ಕೆಲಸ ಬಿಟ್ಟ ಹಾಗೆ. ಶಾರ್ಟ್ ಆದದ್ದು ಓಪನ್ ಆಗಿದ್ದು ಅದೃಷ್ಟ. ಅದಕ್ಕೂ ಮಿಗಿಲಾಗಿ ಅದು ನಿಕಲ್ ಕ್ಯಾಡ್ಮಿಯಂ. ಲಿಥಿಯಂ ಅಯಾನ್ ಇಷ್ಟು ಒರಟು ಅಲ್ಲ.

ಲಿಥಿಯಂ ಸೆಲ್ಲನ್ನು ತೀರಾ ಕೆಳಕ್ಕೆ ಇಳಿಸಿ ಬಿಟ್ಟರೆ ಒಳಗಿನ ತಾಮ್ರದ ಹಾಳೆ ಕರಗುತ್ತದೆ. ಆಮೇಲೆ ಚಾರ್ಜ್ ಮಾಡಿದಾಗ ಅದೇ ತಾಮ್ರ ಬೇಡದ ಕಡೆ ಕೂತು ಒಳಗೇ ಶಾರ್ಟ್ ಆಗಬಹುದು. ಹಾಗಾಗಿ "ಸೊನ್ನೆ" ಅಂದರೆ ಯಾವ ಸೊನ್ನೆ ಎಂದು ಮೊದಲು ಕೇಳಿ. 3 ವೋಲ್ಟ್‌ನ ಸೊನ್ನೆಯಿಂದ ವಾಪಸ್ ಬರಬಹುದು (ಒಂದು ಸೆಲ್ಲಿನ ಲೆಕ್ಕ ಇದು). ಅರ್ಧ ವೋಲ್ಟ್‌ನ ಸೊನ್ನೆ ಬೇರೆ ಲೋಕ.

ಕ್ಷುದ್ರಗ್ರಹದ ಮಣ್ಣು ತರಲು ಹೋದ ಜಪಾನಿನ ಹಯಾಬುಸಾ ನೌಕೆ ಇದನ್ನು ಅನುಭವಿಸಿದೆ. 2005ರ ಕೊನೆಗೆ ಇಂಧನ ಸೋರಿ, ದಿಕ್ಕು ತಪ್ಪಿ, ಕರೆಂಟ್ ಹೋಗಿ, 11 ಲಿಥಿಯಂ ಸೆಲ್‌ಗಳಲ್ಲಿ ನಾಲ್ಕು ಕೆಟ್ಟವು. ಉಳಿದ ಏಳನ್ನು ಬಹಳ ಸಣ್ಣ ಕರೆಂಟ್ ಕೊಟ್ಟು, ಹೆದರಿ ಹೆದರಿ ಚಾರ್ಜ್ ಮಾಡಿದರು. ಆ ಚಾರ್ಜ್ ಯಾಕೆ ಬೇಕಿತ್ತು ಗೊತ್ತಾ? ಮಣ್ಣಿನ ಡಬ್ಬಿಯ ಮುಚ್ಚಳ ಮುಚ್ಚುವುದಕ್ಕೆ. 2007ರ ಜನವರಿಯಲ್ಲಿ ಮುಚ್ಚಿದರು, 2010ರ ಜೂನ್‌ನಲ್ಲಿ ಡಬ್ಬಿ ಭೂಮಿಗೆ ಬಂತು.

ಮಿಣುಕುಹುಳ, ನಿಮ್ಮ ಸೆಲ್ ಮೇಲೆ ಪ್ರೊಟೆಕ್ಷನ್ ಸರ್ಕ್ಯೂಟ್ ಇದೆಯಾ? ಅಂಗಡಿಯಲ್ಲಿ ಸಿಗುವ ಸೆಲ್‌ಗಳ ಬಾಲದಲ್ಲಿ ಗುಂಡಗಿನ ಒಂದು ಪುಟ್ಟ ಬೋರ್ಡ್ ಇರುತ್ತದೆ. ಕೆಲವು ಚಿಪ್‌ಗಳು ಒಮ್ಮೆ ಕಟ್ ಮಾಡಿದರೆ, ಚಾರ್ಜರ್ ವೋಲ್ಟೇಜ್ ಕಾಣುವ ತನಕ ಬಿಡುವುದಿಲ್ಲ. ನಿಮ್ಮ ಚಾರ್ಜರ್ ಚಿಪ್ಪು ಬ್ಯಾಟರಿ ವೋಲ್ಟೇಜ್ ಕಂಡರೆ ಮಾತ್ರ ಕೆಲಸ ಶುರು ಮಾಡುವ ಜಾತಿಯದ್ದಾಗಿದ್ದರೆ, ಅತ್ತೆ ಬರಲಿ ಅಂತ ಸೊಸೆ, ಸೊಸೆ ಬರಲಿ ಅಂತ ಅತ್ತೆ. ಇಬ್ಬರೂ ಬಾಗಿಲಲ್ಲೇ.

ಮಿಣುಕುಹುಳ:
ಕಕ್ಷೆಗಾರ ಸರ್, ನೆರಳನ್ನೇ ಮರೆತಿದ್ದೆ. ಟೀಮಿನಲ್ಲಿ ಹೇಳುವಾಗ ಮುಖ ಕೆಂಪಾಯಿತು. ಕ್ಯಾಮೆರಾಗೆ ದಿನಕ್ಕೆ ಎರಡೇ ಸುತ್ತಿನಲ್ಲಿ ಕೆಲಸ, ಟೆಲಿಮೆಟ್ರಿಯನ್ನು (ಸ್ಯಾಟಲೈಟ್ ತನ್ನ ಸ್ಥಿತಿ ಹೇಳಿ ಕಳಿಸುವ ಅಂಕಿಗಳು) 10 ಸೆಕೆಂಡ್ ಬದಲು 60 ಸೆಕೆಂಡಿಗೆ ಒಂದು ಸಲ ಎಂದು ಮಾಡಿದೆವು. ಈಗ 0.88 ವ್ಯಾಟ್.

ಓಮ್‌ನಿಯಮ ಸರ್, ಪ್ರೊಟೆಕ್ಷನ್ ಬೋರ್ಡ್ ಇದೆ. ಡೇಟಾಶೀಟ್ ಈಗ ತೆಗೆದು ನೋಡಿದೆ. ನೀವು ಹೇಳಿದ ಜಾತಿಯೇ. ಅದನ್ನು ತೆಗೆದು, ಕಟ್-ಆಫ್ ನಮ್ಮ ಬೋರ್ಡ್‌ನಲ್ಲೇ ಮಾಡುತ್ತೇವೆ.

ಬ್ಯಾಟರಿ ಕಿತ್ತು ಬಿಸಿಲಲ್ಲಿ ಇಟ್ಟೆ. ಏನೂ ಬರಲಿಲ್ಲ. ಎಲ್‌ಇಡಿ ಕೂಡ ಹತ್ತಲಿಲ್ಲ.

ಹಳೇತಂತಿ:
ಅದು ಒಳ್ಳೆ ಫಲಿತಾಂಶ. ನೆಲದ ಮೇಲೆ ಗೊತ್ತಾಯಿತಲ್ಲ.

ಸರ್ಕ್ಯೂಟ್ ನೋಡಿ. ಪ್ಯಾನಲ್‌ನಿಂದ ಆದಷ್ಟೂ ಹೆಚ್ಚು ಪವರ್ ಎಳೆಯುವ ನಿಮ್ಮ ಎಂಪಿಪಿಟಿ ಕಂಟ್ರೋಲರಿಗೆ ಕರೆಂಟ್ ಎಲ್ಲಿಂದ ಬರುತ್ತಿದೆ? ಬ್ಯಾಟರಿ ಕಡೆಯಿಂದ ಎಂದು ನನ್ನ ಊಹೆ. ಬ್ಯಾಟರಿ ಸತ್ತರೆ ಅದೂ ಸತ್ತಿತು. ಪ್ಯಾನಲ್ ಕಡೆಯಿಂದಲೂ ಒಂದು ಡಯೋಡ್ ಹಾಕಿ ಅದಕ್ಕೆ ಕರೆಂಟ್ ಕೊಡಿ. ಆ ದಾರಿಯಲ್ಲಿ ರೆಗ್ಯುಲೇಟರ್ ಇದ್ದರೆ ಅದರ ಇನ್‌ಪುಟ್ ಮಿತಿ ನೋಡಿಕೊಳ್ಳಿ. 28 ಡಿಗ್ರಿಯಲ್ಲಿ 2.7 ವೋಲ್ಟ್ ತೋರಿಸುವ ಸೆಲ್, ನೆರಳಿನಿಂದ ಮೈನಸ್ 80 ಡಿಗ್ರಿಯಲ್ಲಿ ಹೊರಬಂದಾಗ 3.3 ಹತ್ತಿರ ತೋರಿಸುತ್ತದೆ. ಚಳಿಯಲ್ಲಿ ಪ್ಯಾನಲ್‌ಗೆ ಹುರುಪು ಜಾಸ್ತಿ. ಪ್ರತಿ ಬೆಳಗಿಗೂ ಆ ಪೆಟ್ಟು ಬೀಳುತ್ತದೆ, ದಿನಕ್ಕೆ 15 ಬೆಳಗು.

ಬ್ಯಾಟರಿಗೆ ಅದೇ ಚಳಿ ಶತ್ರು. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಅಯಾನ್ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಹೋಗದೇ ಮೇಲೇ ಲೋಹವಾಗಿ ಕೂರುತ್ತದೆ. ಹಾಗಾಗಿ ಹೀಟರ್. ಹೀಟರಿಗೆ ಕರೆಂಟ್ ಬ್ಯಾಟರಿಯಿಂದ ಕೊಟ್ಟರೆ ಮತ್ತೆ ಅದೇ ಅತ್ತೆ ಸೊಸೆ ಕಥೆ. ಬಿಸಿಲು ಬಿದ್ದಾಗ ಪ್ಯಾನಲ್‌ನಿಂದಲೇ ನೇರ ಹೀಟರಿಗೆ ಹೋಗಲಿ, ಸೆಲ್ ಐದು ಡಿಗ್ರಿ ದಾಟಿದ ಮೇಲೆ ಚಾರ್ಜಿಂಗ್ ಶುರುವಾಗಲಿ.

ಸೂರ್ಯನನ್ನು ನೋಡುವ ಸೋಹೋ ನೌಕೆಯನ್ನು ವಾಪಸ್ ತಂದದ್ದೂ ಇದೇ ಥರದ ಸಾಲಿನಲ್ಲಿ. 1998ರ ಜೂನ್ ಕೊನೆಗೆ ಅದು ದಿಕ್ಕು ತಪ್ಪಿ, ಪ್ಯಾನಲ್‌ನ ಅಂಚು ಸೂರ್ಯನ ಕಡೆ ಮಾಡಿಕೊಂಡು ಸುತ್ತತೊಡಗಿತು. ಕರೆಂಟ್ ಸೊನ್ನೆ, ಟ್ಯಾಂಕಿನ ಇಂಧನ ಹೈಡ್ರಜೀನ್ ಹೆಪ್ಪುಗಟ್ಟಿತು. ಆದರೆ ಅದು ಸುತ್ತುವ ದಿಕ್ಕು ಆಕಾಶದಲ್ಲಿ ಸ್ಥಿರ. ಸೂರ್ಯನ ಸುತ್ತ ಮುಂದೆ ಹೋದ ಹಾಗೆ ವಾರದಿಂದ ವಾರಕ್ಕೆ ಪ್ಯಾನಲ್ ಮೇಲೆ ಬಿಸಿಲು ಹೆಚ್ಚುತ್ತಾ ಬಂತು. ಆಗಸ್ಟ್ 3ಕ್ಕೆ ಮೊದಲ ಸಿಗ್ನಲ್. ಆಮೇಲೆ ಆತುರ ಪಡಲಿಲ್ಲ. ಮೊದಲು ಬ್ಯಾಟರಿ ತುಂಬಿಸಿದರು, ಆಮೇಲೆ ಟ್ಯಾಂಕ್ ಕರಗಿಸಿದರು, ಆಮೇಲೆ ಪೈಪು. ಸೆಪ್ಟೆಂಬರ್ 16ಕ್ಕೆ ಮುಖ ಸೂರ್ಯನ ಕಡೆ ತಿರುಗಿತು. ಬಿಸಿಲು ಬಂದಾಗ ಕರೆಂಟ್ ತೆಗೆದುಕೊಳ್ಳಲು ಸರ್ಕ್ಯೂಟ್ ತಯಾರಿದ್ದದ್ದರಿಂದ ಉಳಿಯಿತು.

ಕಕ್ಷೆಗಾರ:
ಸರ್ಕ್ಯೂಟ್ ಸರಿ ಇದ್ದೂ ಸಾಯಬಹುದು. ಮಂಗಳವನ್ನು ಸುತ್ತುತ್ತಿದ್ದ ಮಾರ್ಸ್ ಗ್ಲೋಬಲ್ ಸರ್ವೇಯರ್ ನೋಡಿ. ಹತ್ತು ವರ್ಷ ಗಟ್ಟಿಮುಟ್ಟಾಗಿ ದುಡಿದ ನೌಕೆ. ಒಂದು ಕಮಾಂಡ್ ಮೆಮೊರಿಯ ತಪ್ಪು ವಿಳಾಸಕ್ಕೆ ಬರೆಯಲ್ಪಟ್ಟಿತ್ತು. ಐದು ತಿಂಗಳು ಏನೂ ಆಗಲಿಲ್ಲ. 2006ರ ನವೆಂಬರ್‌ನಲ್ಲಿ ಪ್ಯಾನಲ್ ತಿರುಗಿಸಲು ಹೇಳಿದಾಗ, ಪ್ಯಾನಲ್ ಸಿಕ್ಕಿಕೊಂಡಿದೆ ಎಂದು ನೌಕೆ ಭಾವಿಸಿ ತನ್ನ ಮೈಯನ್ನೇ ತಿರುಗಿಸಿತು. ಎರಡು ಬ್ಯಾಟರಿಗಳಲ್ಲಿ ಒಂದಕ್ಕೆ ಬಿಸಿಲು ನೇರ ಬಿತ್ತು. ಅದು ಕಾಯಿತು.

ಬಿಸಿ ಆಗಿದೆ ಅಂದರೆ ಓವರ್‌ಚಾರ್ಜ್ ಆಗಿದೆ ಎಂದು ಸಾಫ್ಟ್‌ವೇರ್ ತಿಳಿದು ಚಾರ್ಜಿಂಗ್ ನಿಲ್ಲಿಸಿತು. ಉಳಿದ ಒಂದಕ್ಕೆ ಪೂರ್ತಿ ಹೊರೆ ಹೊರಲು ಆಗಲಿಲ್ಲ. ಸುಮಾರು 12 ಗಂಟೆಯಲ್ಲಿ ಎರಡೂ ಖಾಲಿ. ಪ್ಯಾನಲ್ ಸರಿ, ಬ್ಯಾಟರಿ ಸರಿ, ಥರ್ಮಾಮೀಟರ್ ಹೇಳಿದ್ದೂ ನಿಜ. ಅದನ್ನು ಅರ್ಥ ಮಾಡಿಕೊಂಡದ್ದು ತಪ್ಪು.

ನಿಮ್ಮ ಬೋರ್ಡ್‌ನಲ್ಲಿ ಸೆಲ್‌ನ ಬಿಸಿ ಅಳೆಯುವ ಥರ್ಮಿಸ್ಟರ್ ತಂತಿ ಕಡಿದರೆ ಅದು ಯಾವ ಡಿಗ್ರಿ ಓದುತ್ತದೆ? ಮೈನಸ್ ನೂರು ಎಂದು ಓದಿ, ಶಾಶ್ವತವಾಗಿ ಚಾರ್ಜಿಂಗ್ ನಿಲ್ಲಿಸುತ್ತದಾ? ಒಂದು ತಂತಿಯ ಮಾತು ಕೇಳಿ ಇಡೀ ಸ್ಯಾಟಲೈಟ್ ಕೊಲ್ಲಬೇಡಿ. ಪ್ರತಿ ಸೆಲ್ಲಿಗೂ ಎರಡು ಹಾಕಿ. ಅಸಂಬದ್ಧ ಓದು ಬಂದರೆ ಅದನ್ನು ಬದಿಗಿಟ್ಟು ಸಣ್ಣ ಕರೆಂಟ್‌ನಲ್ಲಿ ಚಾರ್ಜ್ ಮಾಡಲಿ.

ಸುಮ್ನೆ_ಓದುಗ:
ಹಾಗಾದರೆ ಚಂದ್ರಯಾನ-3ರ ಪ್ರಗ್ಯಾನ್ ಏಳದೇ ಇದ್ದದ್ದೂ ಇದಕ್ಕೇನಾ? ಮಲಗಿಸುವಾಗ ಬ್ಯಾಟರಿ ಫುಲ್ ಇತ್ತು, ಪ್ಯಾನಲ್ ಮುಂದಿನ ಸೂರ್ಯೋದಯದ ಕಡೆಗೇ ಇತ್ತು, ರಿಸೀವರ್ ಕೂಡ ಆನ್ ಇತ್ತು ಎಂದು ಓದಿದ ನೆನಪು.

ಓಮ್‌ನಿಯಮ:
ಅದನ್ನು ಸೋಲು ಅನ್ನಬಾರದು. ವಿಕ್ರಂ, ಪ್ರಗ್ಯಾನ್ ಎರಡನ್ನೂ ಮಾಡಿದ್ದೇ ಒಂದು ಚಂದ್ರ ಹಗಲಿಗೆ, ಅಂದರೆ ನಮ್ಮ 14 ದಿನಕ್ಕೆ. ಆ ಕೆಲಸ ಮುಗಿಸಿದವು. ಆಮೇಲೆ 14 ದಿನದ ರಾತ್ರಿ, ಮೈನಸ್ 150 ಡಿಗ್ರಿಗೂ ಕೆಳಗಿನ ಚಳಿ. 2023ರ ಸೆಪ್ಟೆಂಬರ್ 22ರಂದು ಎದ್ದಿದ್ದರೆ ಅದು ಬೋನಸ್.

ಚಂದ್ರನ ಮೇಲಿಳಿದ ಜಪಾನಿನ ಸ್ಲಿಮ್ ನೌಕೆ ಮಾತ್ರ ಆ ಬೋನಸ್ ಹೊಡೆಯಿತು. 2024ರ ಜನವರಿಯಲ್ಲಿ ತಲೆಕೆಳಗಾಗಿ ಇಳಿಯಿತು, ಪ್ಯಾನಲ್ ಪಶ್ಚಿಮಕ್ಕೆ. ಬಿಸಿಲು ಪೂರ್ವದಲ್ಲಿ. ಬ್ಯಾಟರಿ 12 ಶೇಕಡಕ್ಕೆ ಬಂದಾಗ ಅವರೇ ಆಫ್ ಮಾಡಿದರು. ಪೂರ್ತಿ ಇಳಿಯಲು ಬಿಡಲಿಲ್ಲ, ಅದು ಮುಖ್ಯ. ಒಂದು ವಾರದ ಮೇಲೆ ಸೂರ್ಯ ಪಶ್ಚಿಮಕ್ಕೆ ವಾಲಿದಾಗ ಅದು ಎದ್ದಿತು. ರಾತ್ರಿಗೆ ಎಂದು ಮಾಡಿದ್ದೇ ಅಲ್ಲ, ಆದರೂ ಮೂರು ರಾತ್ರಿ ಕಳೆದ ಮೇಲೂ ಮಾತಾಡಿತು.

ಈಗ ಎಲ್ಲರಿಗೂ ಒಂದು ತಣ್ಣೀರು ಎರಚುತ್ತೇನೆ. ಎಂದೂ ಸಾಯದ ಸ್ಯಾಟಲೈಟ್ ಒಳ್ಳೆಯದಲ್ಲ. ಅಮೆರಿಕದ ಡಿಎಂಎಸ್‌ಪಿ-ಎಫ್13 ಹವಾಮಾನ ಸ್ಯಾಟಲೈಟ್ 20 ವರ್ಷ ಕೆಲಸ ಮಾಡಿ 2015ರ ಫೆಬ್ರವರಿಯಲ್ಲಿ ಒಡೆದು ಚೂರಾಯಿತು. ಬ್ಯಾಟರಿ ಚಾರ್ಜರ್‌ನ ತಂತಿಗಳ ಕಟ್ಟು ಹಳತಾಗಿ ಬ್ಯಾಟರಿ ಸಿಡಿದದ್ದು ಕಾರಣ. ಅದಕ್ಕೇ ಕೆಲಸ ಮುಗಿದ ಮೇಲೆ ಪ್ಯಾನಲ್‌ಗೂ ಬ್ಯಾಟರಿಗೂ ಸಂಬಂಧ ಕಡಿಯಬೇಕು. ರೇಡಿಯೋ ನಿಯಮದ ಪ್ರಕಾರ ನೆಲದಿಂದ ಹೇಳಿದರೆ ಟ್ರಾನ್ಸ್‌ಮಿಟರ್ ನಿಲ್ಲಲೇಬೇಕು. ನೀವು ಹೇಳಿ ನಿಲ್ಲಿಸಿದಿರಿ, ಮುಂದಿನ ಬಿಸಿಲಿಗೆ ಅದು ಎಲ್ಲ ಮರೆತು ಎದ್ದು ಮತ್ತೆ ಕೂಗಿದರೆ?

ಬಿಸಿಲುಕುದುರೆ:
ಇದಕ್ಕೆ ನನ್ನ ತಕರಾರಿದೆ. ಹತ್ತು ಸೆಂಟಿಮೀಟರಿನ ಡಬ್ಬ 500 ಕಿಲೋಮೀಟರಿನಿಂದ ಕೆಲವು ವರ್ಷದಲ್ಲಿ ಗಾಳಿಗೆ ಬಿದ್ದು ಉರಿದು ಹೋಗುತ್ತದೆ. ಎರಡು ಸೆಲ್ ಸಿಡಿಯುವ ಭಯಕ್ಕೆ ಸಂಬಂಧ ಕಡಿಯುವ ರಿಲೇ ಹಾಕಿದರೆ, ಆ ರಿಲೇ ಮೊದಲ ವಾರವೇ ತಪ್ಪಾಗಿ ಕಡಿದುಬಿಟ್ಟರೆ? ಟ್ರಾನ್ಸ್‌ಮಿಟರ್ ನಿಲ್ಲಿಸುವ ಮಾತು ಮಾತ್ರ ಒಪ್ಪುತ್ತೇನೆ.

ಓಮ್‌ನಿಯಮ:
ಒಂದು ಯೂನಿಟ್‌ಗೆ, ಆ ಎತ್ತರಕ್ಕೆ, ಸರಿ. 800 ಕಿಲೋಮೀಟರಿಗೆ ಹೋಗುವವರು ಇದನ್ನು ಓದಿ ರಿಲೇ ಬಿಡಬೇಡಿ.

ಮಿಣುಕುಹುಳ:
ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಹೊಸ ಬೋರ್ಡ್ ಬಂತು. ಆನ್ ಆಗುವುದು 7.4ಕ್ಕೆ, ಆಫ್ 6.4ಕ್ಕೆ, ಎಲ್ಲ ಕಂಪ್ಯಾರೇಟರಿನಲ್ಲಿ. ಪ್ಯಾನಲ್ ಕಡೆಯ ಡಯೋಡ್ ಹಾಕಿದ್ದೇನೆ. ಹೀಟರ್ ಈಗ ಪ್ಯಾನಲ್ ಸಾಲಿಗೆ.

ಸೆಲ್‌ಗಳನ್ನು ಕಟ್-ಆಫ್ ತನಕ ಇಳಿಸಿ, ಫ್ರಿಜ್‌ನ ಐಸ್ ಖಾನೆಯಲ್ಲಿ ಒಂದು ರಾತ್ರಿ ಇಟ್ಟು, ಮರುದಿನ ಬಿಸಿಲಿಗೆ ತಂದೆವು. ಮೈನಸ್ 14 ಡಿಗ್ರಿ. ನೆರಳಿಗೆ ಎಂದು ಪ್ರತಿ 60 ನಿಮಿಷ ಬಿಸಿಲಾದ ಮೇಲೆ 35 ನಿಮಿಷ ರಟ್ಟು ಮುಚ್ಚುತ್ತಿದ್ದೆವು. ಮೊದಲ ಸುತ್ತು ಹೀಟರ್ ಮಾತ್ರ. ಎರಡನೇ ಸುತ್ತಿನಲ್ಲಿ ಚಾರ್ಜಿಂಗ್ ಶುರುವಾಯಿತು. ಎಲ್‌ಇಡಿ ಹತ್ತಲೇ ಇಲ್ಲ, ನನಗೆ ಎದೆ ಢವಢವ. ನಾಲ್ಕನೇ ಸುತ್ತಿನ ಮಧ್ಯದಲ್ಲಿ ಹಸಿರು ಬಂತು. ಆರಲಿಲ್ಲ. ಎರಡು ನಿಮಿಷಕ್ಕೆ ಮೊದಲ ಬೀಕನ್. ಬ್ಯಾಟರಿ ಪೂರ್ತಿ ಕಿತ್ತರೂ ಈಗ ಬಿಸಿಲಲ್ಲಿ ಬೀಕನ್ ಬರುತ್ತದೆ, ಸಣ್ಣ ಪವರ್‌ನಲ್ಲಿ.

"ಕೂಗಬೇಡ" ಎನ್ನುವ ಆಜ್ಞೆಯನ್ನು ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ ಬರೆಯುತ್ತೇವೆ. ಎದ್ದ ಕೂಡಲೇ ಮೊದಲು ಅದನ್ನೇ ಓದುತ್ತದೆ. ವಿಕಿರಣಕ್ಕೆ ಒಂದು ಬಿಟ್ ಮಗುಚಿ ಸುಮ್ಮನೆ ಮೂಕವಾಗಬಾರದಲ್ಲ, ಅದಕ್ಕೆ ಮೂರು ಕಡೆ ಪ್ರತಿ. ಎರಡು ಹೇಳಿದ ಹಾಗೆ ಕೇಳುತ್ತದೆ.

ಹಳೇತಂತಿ:
ಮೂರೂ ಪ್ರತಿ ಒಂದೇ ಚಿಪ್‌ನಲ್ಲಿ ಇವೆಯಾ?

ಮಿಣುಕುಹುಳ:
...ಇವೆ. ನಾಳೆ ಬದಲಾಯಿಸುತ್ತೇನೆ ಸರ್.